ಆನೆಗುಂದಿಯ ಬಾಳೆ ತೋಟದಲ್ಲಿ 24 ಜನರ ಮದುವೆ

"ಅಕ್ಕಾ, ಹಂಪಿಯ ಹೇಮಕೂಟದ ಬಂಡೆ ಮೇಲೆ ಸೂರ್ಯ ಹುಟ್ಟುವ ಹೊತ್ತಿಗೆ ಹಾರ ಬದಲಾಯಿಸಿಕೊಳ್ಳೋಣ ಅಂತಿದ್ದೀವಿ. ಇಪ್ಪತ್ತು ಜನ ಸಾಕು. ಒಂದು ಊಟ. ಅಷ್ಟೇ."

ಚಿಕ್ಕಮ್ಮನ ಮಗಳು ಹೀಗೆ ಫೋನ್ ಮಾಡಿದ್ದು 2024ರ ಜುಲೈನಲ್ಲಿ. ಅವಳದು ತುಮಕೂರು, ಹುಡುಗನದು ಧಾರವಾಡದ ಹತ್ತಿರದ ಒಂದು ಹಳ್ಳಿ. ಇಬ್ಬರಿಗೂ ಬೆಂಗಳೂರಲ್ಲಿ ಕೆಲಸ. ಜಾತಿ ಬೇರೆ. ಎರಡೂ ಮನೆಯವರು ಒಪ್ಪಿದ್ದರು, ಆದರೆ ಮನಸ್ಸು ತುಂಬಿ ಒಪ್ಪಿರಲಿಲ್ಲ. ಛತ್ರ ಹಿಡಿದು ಸಾವಿರ ಜನರಿಗೆ ಊಟ ಹಾಕಿಸುವುದು ಈ ಇಬ್ಬರಿಗೂ ಬೇಡವಾಗಿತ್ತು. ಎಲೋಪ್‌ಮೆಂಟ್ ಅಂದರೆ ಹಿಂದೆ ಓಡಿಹೋಗಿ ಮದುವೆಯಾಗುವುದು ಅಂತಲೇ ಅರ್ಥ ಇತ್ತು. ಈಗ ಹತ್ತಿರದ ಕೆಲವೇ ಜನರ ಮುಂದೆ, ಮನಸ್ಸಿಗೆ ಹಿಡಿಸಿದ ಬಯಲು ಜಾಗದಲ್ಲಿ ಆಗುವ ಮದುವೆಗೂ ಅದೇ ಹೆಸರು ಬಂದಿದೆ. ಇವರು ಯಾರಿಂದಲೂ ಓಡುತ್ತಿರಲಿಲ್ಲ. 78 ವರ್ಷದ ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗುವವರಿದ್ದರು.

ಏರ್ಪಾಡಿನ ಹೊಣೆ ನನ್ನ ಮೇಲೆ ಬಿತ್ತು. ಏಳು ತಿಂಗಳು ಅದರಲ್ಲೇ ಇದ್ದೆ. ಇಂಥ ಮದುವೆ ಮಾಡಿಕೊಳ್ಳಬೇಕು ಅನ್ನುವವರು ಈಗ ಜಾಸ್ತಿ ಆಗುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಹೇಮಕೂಟ ಯಾಕೆ ಆಗಲಿಲ್ಲ

ಹಂಪಿಯನ್ನು ಇವರು ಆರಿಸಿದ್ದು ಫೋಟೊ ಚೆನ್ನಾಗಿ ಬರುತ್ತದೆ ಅಂತಲ್ಲ. ಇಬ್ಬರೂ ಮೊದಲ ಸಲ ಒಟ್ಟಿಗೆ ಪ್ರವಾಸ ಹೋದದ್ದು ಅಲ್ಲಿಗೆ. ಜೊತೆಗೆ ಹಂಪಿ ಅಂದರೆ ಮದುವೆಯ ಊರೇ ಅಲ್ವಾ? ಶಿವನಿಗಾಗಿ ಪಂಪೆ, ಅಂದರೆ ಪಾರ್ವತಿ, ತಪಸ್ಸು ಮಾಡಿದ್ದು ಹೇಮಕೂಟದಲ್ಲಿ ಅನ್ನುತ್ತಾರೆ. ಈಗಲೂ ವರ್ಷದ ಕೊನೆಯಲ್ಲಿ ಫಲಪೂಜೆಯ ಹೆಸರಲ್ಲಿ ಪಂಪಾ ವಿರೂಪಾಕ್ಷರ ನಿಶ್ಚಿತಾರ್ಥ ನಡೆಯುತ್ತದೆ. ಚೈತ್ರದಲ್ಲಿ ಕಲ್ಯಾಣ, ತೇರು. ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ತಲೆ ಎತ್ತಿ ನೋಡಿದರೆ ಗಿರಿಜಾ ಕಲ್ಯಾಣದ ಚಿತ್ರ ಕಾಣುತ್ತದೆ.

ಆದರೆ ಹೇಮಕೂಟ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ನಾನು ಮೊದಲು ಮಾಡಿದ ಕೆಲಸ ನಿಯಮ ಓದಿದ್ದು. ಸ್ಮಾರಕಗಳ ಕಾಯ್ದೆ 1958ರದು, ಅದರ ನಿಯಮಗಳು 1959ರವು. ಅದರಲ್ಲಿ 7ನೇ ನಿಯಮ ನೇರವಾಗಿದೆ. ರಕ್ಷಿತ ಸ್ಮಾರಕದಲ್ಲಿ ಸಭೆ, ಆರತಕ್ಷತೆ, ಪಾರ್ಟಿ, ಮನರಂಜನೆ ಯಾವುದಕ್ಕೂ ಕೇಂದ್ರ ಸರ್ಕಾರದ ಲಿಖಿತ ಅನುಮತಿ ಬೇಕು. ಮೊದಲಿಂದ ನಡೆದು ಬಂದ ಧಾರ್ಮಿಕ ರೂಢಿಗಷ್ಟೇ ವಿನಾಯಿತಿ. ಹೊರಗಿನ ಇಪ್ಪತ್ತು ಜನ ಹೋಗಿ ಬಂಡೆ ಮೇಲೆ ಹಾರ ಹಾಕಿಕೊಳ್ಳುವುದು ರೂಢಿಯ ಲೆಕ್ಕಕ್ಕೆ ಬರುವುದಿಲ್ಲ. ಕ್ಯಾಮೆರಾ ಸ್ಟ್ಯಾಂಡ್, ಲೈಟು, ಡ್ರೋನ್ ಇವಕ್ಕೂ ಬೇರೆ ಅನುಮತಿ ಬೇಕು.

"ಬೆಳಿಗ್ಗೆ ಬೇಗ ಹೋಗಿ ಹತ್ತು ನಿಮಿಷದಲ್ಲಿ ಮುಗಿಸಿಬಿಡೋಣ, ಯಾರಿಗೆ ಗೊತ್ತಾಗುತ್ತೆ?" ಅಂತ ಹುಡುಗನ ಗೆಳೆಯನೊಬ್ಬ ಹೇಳಿದ. ಈ ಮಾತು ಎಲ್ಲ ಕಡೆ ಕೇಳಿಬರುತ್ತದೆ. ನನಗೆ ಮಾತ್ರ 2019ರ ಫೆಬ್ರವರಿ ನೆನಪಾಯಿತು. ಆನೆಸಾಲಿನ ಹಿಂದಿನ ವಿಷ್ಣು ಗುಡಿಯಲ್ಲಿ ಹುಡುಗರು ಸುಮ್ನೆ ವಿಡಿಯೊಗೋಸ್ಕರ ಕಂಬ ಉರುಳಿಸಿದ್ದರು. ಕೋರ್ಟು ತಲಾ 70 ಸಾವಿರ ದಂಡ ಹಾಕಿ, ಅವರ ಕೈಯಲ್ಲೇ ಕಂಬ ಎತ್ತಿ ನಿಲ್ಲಿಸಿತು. ನಾವು ಕಂಬ ಉರುಳಿಸುವವರಲ್ಲ, ನಿಜ. ಆದರೆ ಇಪ್ಪತ್ತು ಜನ, ಹೂವು, ಅಕ್ಕಿ, ಕುಂಕುಮ, ಕರ್ಪೂರ ಅಂತ ಒಂದೊಂದೇ ಬಂಡೆ ಮೇಲೆ ಉಳಿಯುತ್ತದೆ. ನಾಳೆ ಇನ್ನೊಬ್ಬರು ಬರುತ್ತಾರೆ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬಜಾರಿನ ಸಾಲು ಮಂಟಪದ ಒಂದು ಭಾಗವೇ ಕುಸಿದಿತ್ತು. ಅಷ್ಟು ಸೂಕ್ಷ್ಮವಾಗಿರುವ ಜಾಗ ಅದು. ತಂಗಿಗೆ ಇಷ್ಟು ಹೇಳಿದೆ. ಅವಳು ಅತ್ತಳು. ಆಮೇಲೆ ಒಪ್ಪಿಕೊಂಡಳು.

ನದಿ ದಾಟಿದರೆ

ಸೆಪ್ಟೆಂಬರ್‌ನಲ್ಲಿ ನಾವು ಮೂವರು ಎರಡು ದಿನ ಹೋಗಿ ಸುತ್ತಾಡಿದೆವು. ಹಂಪಿಯ ಎದುರು ದಡದಲ್ಲೇ ಆನೆಗುಂದಿ. ಅದು ಗಂಗಾವತಿ ತಾಲ್ಲೂಕಿಗೆ, ಕೊಪ್ಪಳ ಜಿಲ್ಲೆಗೆ ಸೇರುತ್ತದೆ. ವಿಜಯನಗರಕ್ಕಿಂತ ಹಳೆಯ ಊರು. ಕೋಟೆ ಬಾಗಿಲು, ಗಗನ ಮಹಲು, ರಂಗನಾಥನ ಗುಡಿ, ನಡುವೆ ಜನ ಬದುಕುತ್ತಿರುವ ಮಣ್ಣಿನ ಮಾಳಿಗೆ ಮನೆಗಳು.

ಊರಿನ ಹೊರಗೆ ಗದ್ದೆ, ಬಾಳೆ ತೋಟ. ಅದಕ್ಕೆ ನೀರು ಹೋಗುವುದು ಕಾಲುವೆಯಿಂದ. ಅರಸರ ಕಾಲದಲ್ಲಿ ತೋಡಿದ ಕಾಲುವೆಗಳು ನದಿಯ ಎರಡೂ ಕಡೆ ಇವತ್ತಿಗೂ ಹರಿಯುತ್ತಿವೆ. ಹಂಪಿ ಕಡೆಯದಕ್ಕೆ ತುರ್ತು ಕಾಲುವೆ ಅನ್ನುತ್ತಾರೆ. ನಾವು ಆನೆಗುಂದಿ ಕಡೆಯ ಕಾಲುವೆ ದಂಡೆ ಮೇಲೆ ನಡೆದು ಹೋಗುತ್ತಿದ್ದಾಗ ಒಂದು ತೋಟ ಸಿಕ್ಕಿತು. ಮೂರು ಕಡೆ ಬಾಳೆ, ಒಂದು ಕಡೆ ಬಂಡೆ ಗುಡ್ಡ, ಮಧ್ಯೆ ಒಕ್ಕಣೆಗೆ ಬಳಸುವ ಕಣ. ಬೇವಿನ ಮರ ಒಂದು. ತಂಗಿ ಆ ಕಣದಲ್ಲಿ ನಿಂತು ಸುತ್ತ ನೋಡಿದಳು. "ಇಲ್ಲೇ ಅಕ್ಕಾ" ಅಂದಳು.

ಐನೂರು ವರ್ಷದ ಹಿಂದಿನ ಏರ್ಪಾಡು ಒಂದು ಇನ್ನೂ ಕೆಲಸ ಮಾಡುತ್ತಾ ನಮ್ಮ ಕಾಲ ಕೆಳಗೇ ಹರಿಯುತ್ತಿದೆ, ಅದಕ್ಕೆ ಟಿಕೆಟ್ ಇಲ್ಲ, ಬೇಲಿಯೂ ಇಲ್ಲ ಅನ್ನುವುದು ನನ್ನನ್ನು ಬಹಳ ಮುಟ್ಟಿತು. ಹಂಪಿಗೆ ಬರುವವರು ಇದನ್ನು ನೋಡದೇ ಹೋಗಿಬಿಡುತ್ತಾರಲ್ಲ ಅನಿಸಿತು.

ತೋಟದ ಯಜಮಾನರಿಗೆ ವಿಷಯ ಹೇಳಿದೆವು. ಒಂದು ಗಳಿಗೆ ಯೋಚನೆ ಮಾಡಿ, "ಮಾಡ್ರಿ, ಚಲೋ ಕೆಲಸ. ಆದ್ರ ಡಿಜೆ ಬ್ಯಾಡ್ರಿ, ಶಾಮಿಯಾನ ಗೂಟ ಬ್ಯಾಡ್ರಿ, ಪ್ಲಾಸ್ಟಿಕ್ ಬ್ಯಾಡ್ರಿ. ಕಾಲುವಿಗೆ ಏನೂ ಒಗೀಬ್ಯಾಡ್ರಿ" ಅಂದರು. ನಮಗೂ ಇದೇ ಬೇಕಿತ್ತು. ಬಾಡಿಗೆ ಬೇಡ ಅಂದರು. ಮಾತಿನಲ್ಲೇ ಬಿಡುವುದು ಬೇಡ ಅಂತ ದಿನ, ಹೊತ್ತು, ಜನರ ಸಂಖ್ಯೆ ಎಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಊರಿನ ಪಂಚಾಯಿತಿಗೂ ಒಂದು ಮಾತು ತಿಳಿಸಿದೆವು.

ದಿನ ಗೊತ್ತು ಮಾಡಿದ್ದು

ಇವರಿಗೆ ಮೊದಲು ಮಳೆಗಾಲದ ಆಸೆ ಇತ್ತು. ಹಸಿರು, ಮೋಡ. ನದಿಯ ಕಥೆ ಗೊತ್ತಿದ್ದರೆ ಆ ಆಸೆ ಇಟ್ಟುಕೊಳ್ಳುವ ಹಾಗಿಲ್ಲ. ಹೊಸಪೇಟೆಯ ತುಂಗಭದ್ರಾ ಜಲಾಶಯ ತುಂಬಿ ಗೇಟು ತೆಗೆದರೆ ಹಂಪಿಯ ಪುರಂದರ ಮಂಟಪವೇ ಮುಳುಗುತ್ತದೆ. ದೋಣಿ, ಹರಿಗೋಲು ಎಲ್ಲ ಬಂದ್. ಆ ವರ್ಷವಂತೂ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟೇ ಕೊಚ್ಚಿಹೋಯಿತು.

ಡಿಸೆಂಬರ್ ಕೊನೆ ಪ್ರವಾಸಿಗರ ಜಾತ್ರೆ. ಅದು ಧನುರ್ಮಾಸವೂ ಹೌದು, ಅಜ್ಜಿ ಬಿಲ್‌ಕುಲ್ ಒಪ್ಪಲಿಲ್ಲ. ಮಾರ್ಚ್ ಬಂದರೆ ಬಂಡೆ ಕಾಯುತ್ತದೆ. ಕೊನೆಗೆ 2025ರ ಫೆಬ್ರವರಿ 6, ಗುರುವಾರ ಅಂತ ನಿಂತಿತು. ವಾರದ ನಡುವೆ ಇದ್ದುದರಿಂದ ಜನ ಕಡಿಮೆ, ವಸತಿಯೂ ಅಗ್ಗ. ಒಂದು ವಿಷಯ ಮಾತ್ರ ನಮ್ಮ ಅದೃಷ್ಟಕ್ಕೆ ಸರಿಹೋಯಿತು. ಹಂಪಿ ಉತ್ಸವ ವರ್ಷವರ್ಷಕ್ಕೂ ಬೇರೆ ಬೇರೆ ದಿನಕ್ಕೆ ಬರುತ್ತದೆ. ಆ ಸಲ ಅದು ಫೆಬ್ರವರಿ 28ಕ್ಕೆ ಶುರುವಾಯಿತು. ನಮ್ಮ ದಿನಕ್ಕೇ ಬಿದ್ದಿದ್ದರೆ ಹೊಸಪೇಟೆಯಿಂದ ಗಂಗಾವತಿವರೆಗೆ ಒಂದು ರೂಮು ಸಿಗುತ್ತಿರಲಿಲ್ಲ. ಈ ಕಡೆ ಮದುವೆ ಇಟ್ಟುಕೊಳ್ಳುವವರು ಇದನ್ನು ವಿಚಾರಿಸಿಕೊಂಡೇ ಮುಂದುವರಿಯಬೇಕು.

ಕಾಗದದ ಮದುವೆ

ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಬಹಳ ಜನ ಎಡವುವುದು ಇಲ್ಲೇ.

ತೋಟದಲ್ಲಿ ಮಂತ್ರಮಾಂಗಲ್ಯದ ರೀತಿಯಲ್ಲಿ ಮದುವೆ ಆಗಬೇಕು ಅನ್ನುವುದು ಇಬ್ಬರ ಆಸೆ. ಕುವೆಂಪು ರೂಪಿಸಿದ ಸರಳ ಪದ್ಧತಿ ಅದು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನೇ ಅವರು ಹಾಗೆ ಮಾಡಿದರು. ಜಾತಕ, ಮುಹೂರ್ತ, ವರದಕ್ಷಿಣೆ, ಆಡಂಬರ ಯಾವುದೂ ಇಲ್ಲ. ಗಂಡು ಹೆಣ್ಣು ತಮಗೆ ಅರ್ಥವಾಗುವ ಭಾಷೆಯಲ್ಲಿ ಒಬ್ಬರಿಗೊಬ್ಬರು ಮಾತು ಕೊಡುತ್ತಾರೆ. ಬಯಲಲ್ಲಿ ಆಗುವ ಚಿಕ್ಕ ಮದುವೆಗೆ ಇದಕ್ಕಿಂತ ಹೊಂದುವ ಪದ್ಧತಿ ಇನ್ನೊಂದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕಾನೂನಿನ ಕಡೆ ಇದರ ಲೆಕ್ಕ ಬೇರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ರೂಢಿಯ ಶಾಸ್ತ್ರಗಳು ಆಗಿರಬೇಕು. ಶಾಸ್ತ್ರ ಆಗದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಮದುವೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿತು. ಅದಕ್ಕೇ ನಾವು 1954ರ ವಿಶೇಷ ವಿವಾಹ ಕಾಯ್ದೆ ಹಿಡಿದೆವು. ಅಲ್ಲಿ ಯಾವ ಶಾಸ್ತ್ರ ಬೇಕಾದರೂ ಇಟ್ಟುಕೊಳ್ಳಬಹುದು. ಮುಖ್ಯವಾದದ್ದು ಒಂದೇ: ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ "ನಿನ್ನನ್ನು ಕಾನೂನುಬದ್ಧ ಗಂಡನಾಗಿ, ಹೆಂಡತಿಯಾಗಿ ಸ್ವೀಕರಿಸುತ್ತೇನೆ" ಅಂತ ಇಬ್ಬರೂ ತಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಆ ಮಾತು ಆಡಿದ ಗಳಿಗೆಗೆ ಮದುವೆ ಆಯಿತು.

"ಹಾಗಾದರೆ ಅಧಿಕಾರಿಯನ್ನೇ ತೋಟಕ್ಕೆ ಕರೆಸಬಹುದಲ್ಲ?" ಅಂತ ಹುಡುಗ ಕೇಳಿದ. ಕಚೇರಿಯ ಹೊರಗೂ ಮದುವೆ ಮಾಡಿಸಲು ಕಾಯ್ದೆಯಲ್ಲಿ ಅವಕಾಶ ಇದೆ, ಆದರೆ ಸಮೀಪದ ಜಾಗದಲ್ಲಿ ಮಾತ್ರ. ಮತ್ತೆ ಇಬ್ಬರಲ್ಲಿ ಒಬ್ಬರಾದರೂ, ಮದುವೆ ಆಗುತ್ತೇವೆ ಅಂತ ನೋಟಿಸ್ ಕೊಡುವ ಮುಂಚೆ 30 ದಿನ ಆ ಜಿಲ್ಲೆಯಲ್ಲಿ ವಾಸ ಇದ್ದಿರಬೇಕು. ನಮ್ಮವರು ಯಾರೂ ಕೊಪ್ಪಳ ಜಿಲ್ಲೆಯಲ್ಲಿ ಇರಲಿಲ್ಲ. ಹಾಗಾಗಿ ಬೆಂಗಳೂರಿನ ಕಚೇರಿಯೇ ಗತಿ.

ನವೆಂಬರ್ 25ಕ್ಕೆ ಕೊಟ್ಟ ಮೊದಲ ಅರ್ಜಿ ವಾಪಸ್ ಬಂತು. ತಂಗಿಯ ಆಧಾರ್‌ನಲ್ಲಿ ತುಮಕೂರಿನ ವಿಳಾಸ, ಹುಡುಗನದರಲ್ಲಿ ಹಳ್ಳಿಯದು. ಬೆಂಗಳೂರಿನ ವಾಸಕ್ಕೆ ಕೊಟ್ಟ ಬಾಡಿಗೆ ಕರಾರಿನಲ್ಲಿ ಮನೆ ನಂಬರ್ ತಪ್ಪಿತ್ತು. ಕರಾರು ಹೊಸದಾಗಿ ಮಾಡಿಸಿ ಡಿಸೆಂಬರ್ 9ಕ್ಕೆ ಮತ್ತೆ ನೋಟಿಸ್ ಕೊಟ್ಟೆವು. ಹದಿನಾಲ್ಕು ದಿನ ಹೋಯಿತು. ಆ ಹದಿನಾಲ್ಕು ದಿನ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ನೋಟಿಸ್ ಕೊಟ್ಟ ಮೇಲೆ 30 ದಿನ ಆಕ್ಷೇಪಣೆಗೆ ಕಾಯಬೇಕು. ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿಂದ ಶುರು. ಈ ಎರಡು ಗಡುವಿನ ನಡುವೆ ಬರುವ ಹಾಗೆ ಜನವರಿ 27ಕ್ಕೆ ಕಚೇರಿಯಲ್ಲಿ ಮದುವೆ ಮುಗಿಯಿತು. ಸಾಕ್ಷಿ ಹಾಕಿದವರು ನಾನು, ಹುಡುಗನ ಅಣ್ಣ, ತಂಗಿಯ ಗೆಳತಿ. ಆಮೇಲೆ ಎಲ್ಲರೂ ಹೋಗಿ ಮಸಾಲೆ ದೋಸೆ ತಿಂದೆವು.

ಕರೆಯದವರ ಬೇಸರ

24 ಜನ ಅಂದರೆ ಯಾರು? ಗಂಡಿನ ಕಡೆ 9, ಹೆಣ್ಣಿನ ಕಡೆ 9, ಗೆಳೆಯರು 4, ಮದುಮಕ್ಕಳು ಇಬ್ಬರು. ಈ ಪಟ್ಟಿ ಮಾಡುವುದು ಸಾವಿರ ಜನರ ಪಟ್ಟಿಗಿಂತ ಕಷ್ಟ. ಸಾವಿರದಲ್ಲಿ ಒಬ್ಬರು ಬಿಟ್ಟುಹೋದರೆ ಮರೆವು ಅನ್ನುತ್ತಾರೆ. 24ರಲ್ಲಿ ಬಿಟ್ಟರೆ ಬೇಕಂತಲೇ ಬಿಟ್ಟದ್ದು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಹುಡುಗನ ತಾಯಿ ಬಹಳ ನೊಂದುಕೊಂಡಿದ್ದರು. "ಇಷ್ಟ ಮಂದಿ ಇಟ್ಕೊಂಡು ಲಗ್ನ ಅಂತಾರೇನವ್ವಾ? ನಾ ನಲವತ್ತು ವರ್ಷ ಮಂದಿ ಮನೀ ಉಂಡು ಬಂದೇನಿ. ಅವರಿಗೆ ನಾ ಯಾವಾಗ ಹಾಕಲಿ?" ಅಂತ ನನ್ನ ಹತ್ತಿರ ಕೇಳಿದರು. ಅವರ ಮಾತಿನಲ್ಲಿ ತಪ್ಪು ಏನಿದೆ? ಉಂಡ ಋಣ ದೊಡ್ಡದು. ಚಿಕ್ಕ ಮದುವೆ ಬೇಕು ಅನ್ನುವ ನಾವು ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗಬಾರದು. ಮದುವೆಗೆ 24 ಜನ, ಆಮೇಲೆ ಯುಗಾದಿ ಕಳೆದ ಮೇಲೆ ಹಳ್ಳಿಯ ಮನೆ ಅಂಗಳದಲ್ಲಿ ಊರಿಗೆಲ್ಲ ಊಟ ಅಂತ ತೀರ್ಮಾನವಾಯಿತು. ಅದನ್ನು ಈಗಲೇ ದಿನ ಸಮೇತ ಊರಲ್ಲಿ ಹೇಳಿ ಅಂದೆ. ಅವರ ಮುಖ ಅರಳಿತು.

ಹುಡುಗನ ತಂದೆ ಕೊನೆಯವರೆಗೂ ಏನೂ ಮಾತಾಡಿರಲಿಲ್ಲ. ಅವರಿಗೆ ಒಂದು ಕೆಲಸ ವಹಿಸಿದೆವು. ಊಟದ ರೊಟ್ಟಿ ಅವರದು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ ಅಲ್ವಾ? ಅವರು ಮೂರು ಮನೆಯಲ್ಲಿ ಹೇಳಿ 200 ಜೋಳದ ರೊಟ್ಟಿ ಮಾಡಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದರು. ಆ ಗಂಟನ್ನು ದಾರಿಯಲ್ಲಿ ಯಾರ ಕೈಗೂ ಕೊಡಲಿಲ್ಲವಂತೆ.

ಅಜ್ಜಿಯ ಮೊಣಕಾಲು

ರಸ್ತೆಯಿಂದ ಕಣಕ್ಕೆ ಕಾಲುವೆ ದಂಡೆ ಮೇಲೆ ಸುಮಾರು 300 ಮೀಟರ್. ನಮಗೆ ಐದು ನಿಮಿಷ, ಅಜ್ಜಿಗೆ ಆಗದ ಮಾತು. ಹಿಂದಿನ ದಿನವೇ ಒಂದು ಸಲ ಪ್ರಯೋಗ ಮಾಡಿ ನೋಡಿದ್ದು ಒಳ್ಳೆಯದಾಯಿತು. ಕಾರು ದಂಡೆ ಮೇಲೆ ಹೋಗಲಿಲ್ಲ. ಯಜಮಾನರ ಲಗೇಜ್ ಆಟೊ ಹೋಯಿತು. ಅದರಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ ಕೂರಿಸಿದೆವು.

ಶೌಚಾಲಯದ ವಿಷಯ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ತೋಟದಲ್ಲಿ ಇರಲಿಲ್ಲ. ಊರೊಳಗೆ ಒಂದು ಹಳೆಯ ಮನೆಯನ್ನು ಎರಡು ದಿನಕ್ಕೆ ಹಿಡಿದೆವು. ಸೀರೆ ಉಡುವುದು, ಅಡುಗೆ, ಊಟ ಎಲ್ಲ ಅಲ್ಲಿ. ತೋಟದಲ್ಲಿ ಇರುವುದು ಒಂದೂಕಾಲು ಗಂಟೆ ಮಾತ್ರ ಅಂತ ಗಟ್ಟಿ ಮಾಡಿಕೊಂಡೆವು. ವಯಸ್ಸಾದವರು, ಮಕ್ಕಳು ಇದ್ದರೆ ಬಯಲು ಮದುವೆಯ ಉದ್ದ ಇದರ ಮೇಲೆಯೇ ನಿಂತಿದೆ.

ಮಲ್ಲಿಗೆಯೂ ಸಿಗಲಿಲ್ಲ. ಹೂವಿನ ಹಡಗಲಿ ಅದೇ ಸೀಮೆಯಲ್ಲಿದೆ, ಹಡಗಲಿ ಮಲ್ಲಿಗೆ ಮುಡಿಯಬೇಕು ಅಂತ ತಂಗಿಗೆ ಆಸೆ. ಚಳಿ ಮುಗಿಯದೆ ಮಲ್ಲಿಗೆ ಎಲ್ಲಿಂದ ಬರಬೇಕು? ಹೊಸಪೇಟೆಯಿಂದ ಸೇವಂತಿಗೆ, ಕನಕಾಂಬರ ತಂದೆವು.

ಆ ಬೆಳಿಗ್ಗೆ

ಎಂಟು ಗಂಟೆಗೆ ನಾಲ್ವರು ಗೆಳೆಯರನ್ನು ಬಿಟ್ಟು ಎಲ್ಲರೂ ಕಣದಲ್ಲಿ ಇದ್ದರು. ನೆಲಕ್ಕೆ ಸಗಣಿ ಸಾರಿಸಿ, ಯಜಮಾನರ ಸೊಸೆ ರಂಗೋಲಿ ಹಾಕಿದ್ದರು. ನಾವು ಹೇಳಿರಲೇ ಇಲ್ಲ. ಎರಡು ಚಾಪೆ, ಅಜ್ಜಿಗೊಂದು ಕುರ್ಚಿ, ಒಂದು ದೀಪ. ನದಿ ಕಡೆಯಿಂದ ಗಾಳಿ ಬೀಸಿ ದೀಪ ಎರಡು ಸಲ ಆರಿತು. ಮೂರನೇ ಸಲ ಹುಡುಗನ ತಂದೆ ಬಾಳೆ ಎಲೆ ಒಂದನ್ನು ಮಡಚಿ ಅಡ್ಡ ಹಿಡಿದು ಕೂತರು. ಮದುವೆ ಮುಗಿಯುವ ತನಕ ಹಾಗೇ ಕೂತಿದ್ದರು.

ಕಪ್ಪು ಮುಖದ ಕೋತಿ, ಮುಸುವ ಒಂದು ಬೇವಿನ ಮರದಿಂದ ಇಳಿದು ಬಂದು ಹಣ್ಣಿನ ತಟ್ಟೆಯಿಂದ ಬಾಳೆಹಣ್ಣಿನ ಚಿಪ್ಪನ್ನೇ ಎತ್ತಿಕೊಂಡು ಹೋಯಿತು. ಕಿಷ್ಕಿಂಧೆಯ ನೆಲ ಅದು, ಮೊದಲ ತಾಂಬೂಲ ಅವಕ್ಕೇ ಸಲ್ಲಬೇಕು ಅಂತ ಅಜ್ಜಿ ಕೈ ಮುಗಿದರು.

ಪ್ರತಿಜ್ಞೆ ಓದಿಸಿದವರು ತಂಗಿಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು. ಮೈಕ್ ಇಲ್ಲ. ಅವರು ಒಂದೊಂದು ಸಾಲು ಹೇಳಿದರು, ಇವರು ಹೇಳಿದರು. ಕಾಲುವೆ ನೀರಿನ ಸದ್ದು ಕೇಳುತ್ತಿತ್ತು. ಮಾತು ಕೊಡುವಾಗ ಹುಡುಗನ ಗಂಟಲು ಕಟ್ಟಿತು, ನಿಂತ. ಯಾರೂ ಅವಸರ ಮಾಡಲಿಲ್ಲ. ಅವನು ಮತ್ತೆ ಮೊದಲಿಂದ ಆ ಸಾಲು ಹೇಳಿದ. ಅಜ್ಜಿಯ ಆಸೆಗೆ ಅರಿಶಿನ ದಾರದ ತಾಳಿ ಕಟ್ಟಿದ್ದಾಯಿತು. ಹಾರ ಬದಲಾಯಿತು.

ಆಮೇಲೆ ನಾವು ಯೋಚನೆಯನ್ನೇ ಮಾಡಿರದ ಒಂದು ಸಂಗತಿ ನಡೆಯಿತು. ಅಜ್ಜಿ ಕೂತಲ್ಲೇ ಸೋಬಾನೆ ಹಾಡಲು ಶುರು ಮಾಡಿದರು. ಸಣ್ಣ ದನಿ, ನಡುವೆ ಉಸಿರು ನಿಲ್ಲುತ್ತಿತ್ತು. ಎರಡನೇ ನುಡಿಗೆ ಹುಡುಗನ ತಾಯಿ ಎದ್ದು ಬಂದು ಪಕ್ಕದಲ್ಲಿ ಕೂತರು. ಅವರ ಸೀಮೆಯ ಹಾಡು ಬೇರೆ, ಮಟ್ಟು ಬೇರೆ. ಆದರೂ ಸೋಬಾನೆ ಅನ್ನುವಲ್ಲಿಗೆ ಬಂದಾಗ ದನಿ ಕೂಡಿಸುತ್ತಿದ್ದರು. ಛತ್ರದಲ್ಲಿ ಆಗಿದ್ದರೆ ವಾಲಗದ ಗದ್ದಲದಲ್ಲಿ ಆ ದನಿ ಪಕ್ಕದವರಿಗೂ ಕೇಳುತ್ತಿರಲಿಲ್ಲ. ಅಲ್ಲಿ 24 ಜನರಿಗೂ ಕೇಳಿಸಿತು.

ಒಂಬತ್ತೂಕಾಲಿಗೆ ಎದ್ದೆವು. ಅಕ್ಷತೆಗೆ ಅಕ್ಕಿಯ ಬದಲು ಸೇವಂತಿಗೆ ಎಸಳು ಬಳಸಿದ್ದೆವು. ಅದನ್ನೆಲ್ಲ ಗುಡಿಸಿ ಬಾಳೆ ಬುಡಕ್ಕೆ ಹಾಕಿದೆವು. ಊಟ ಊರಿನ ಮನೆಯಲ್ಲಿ: ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹೋಳಿಗೆ, ಅನ್ನ, ತಿಳಿಸಾರು. ಒಟ್ಟು ಖರ್ಚು 1 ಲಕ್ಷ 60 ಸಾವಿರ. ಅರ್ಧಕ್ಕಿಂತ ಜಾಸ್ತಿ ಓಡಾಟಕ್ಕೂ ವಸತಿಗೂ ಹೋಯಿತು. ಒಂದು ತಪ್ಪು ನನ್ನದೇ. ಹೊಸಪೇಟೆಯಲ್ಲಿ ಇಳಿದವರನ್ನು ಹಂಪಿಯಿಂದ ದೋಣಿಯಲ್ಲಿ ದಾಟಿಸೋಣ ಅಂದುಕೊಂಡಿದ್ದೆ. ಅಷ್ಟು ಬೆಳಿಗ್ಗೆ ದೋಣಿ ಇರುವುದಿಲ್ಲ. ಕಡೇಬಾಗಿಲು ಸೇತುವೆ ಮೇಲೆ ಸುತ್ತು ಹಾಕಿ ಬರಬೇಕಾಯಿತು. ನಾಲ್ವರು ಗೆಳೆಯರು ಪ್ರತಿಜ್ಞೆಯ ಹೊತ್ತಿಗೆ ಓಡೋಡಿ ಬಂದು ಸೇರಿದರು.

ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಮದುಮಕ್ಕಳು ಎಲ್ಲ ಪ್ರವಾಸಿಗರ ಹಾಗೆ 40 ರೂಪಾಯಿ ಟಿಕೆಟ್ ತೆಗೆದುಕೊಂಡು ವಿಠ್ಠಲ ಗುಡಿ ನೋಡಿದರು. ಫೋನಿನಲ್ಲಿ ನಾಲ್ಕು ಫೋಟೊ ತೆಗೆದುಕೊಂಡರು. ಹಾರ ಮನೆಯಲ್ಲೇ ಬಿಟ್ಟು ಹೋಗಿದ್ದರು.

ಮಾರನೆ ಬೆಳಿಗ್ಗೆ ಅಜ್ಜಿಯನ್ನು ಕರೆದುಕೊಂಡು ವಿರೂಪಾಕ್ಷನ ದರ್ಶನಕ್ಕೆ ಹೋದೆವು. ಲಕ್ಷ್ಮಿ ಆನೆ ಸೊಂಡಿಲು ಎತ್ತಿ ಇಬ್ಬರ ತಲೆ ಮುಟ್ಟಿತು. ಗರ್ಭಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ತಂಗಿ ತನ್ನ ಬಿಳಿ ಸೀರೆಯ ಸೆರಗನ್ನು ಅದಕ್ಕೆ ಅಡ್ಡ ಹಿಡಿದಳು. ಗೋಪುರ ಸೆರಗಿನ ಮೇಲೆ ಬಂತು, ಅಂತಸ್ತು ಅಂತಸ್ತಾಗಿ, ಕಳಸ ಕೆಳಗೆ.

"ಏನೇ ಇದು, ಇಷ್ಟು ದೊಡ್ಡ ಗೋಪುರ ನಿನ್ನ ಸೆರಗಿನಲ್ಲಿ ಹಿಡಿಸಿತಲ್ಲೇ!" ಅಂದರು ಅಜ್ಜಿ. ಆಮೇಲೆ ಸೆರಗಿನ ಇನ್ನೊಂದು ತುದಿಯನ್ನು ಹುಡುಗನ ಕೈಗೆ ಕೊಟ್ಟು, "ಸರಿಯಾಗಿ ಹಿಡ್ಕೊಳ್ಳಪ್ಪಾ, ಮಡಿಕೆ ಬೀಳ್ತಾ ಇದೆ" ಅಂದರು.